ಕವಿತೆಯ ನಡಿಗೆ: ಬರೆಯಲು ತೊಡಗಿದವರಿಗೆ ಕೆಲವು ಸೂಚನೆಗಳು

ಕವಿತೆ ಬರೆಯಬೇಕೆಂಬ ಹಂಬಲ ಮೂಡಿದ ತರುಣ ತರುಣಿಯರು ಹಿರಿಯರನ್ನು ಕಂಡಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಬರೆದುದನ್ನು ಯಾವ ಪತ್ರಿಕೆಗೆ ಕಳುಹಿಸಬೇಕು, ಸಂಕಲನವನ್ನು ಯಾರು ಅಚ್ಚು ಹಾಕಿಯಾರು ಎಂಬುದಾಗಿ. ಇವೆರಡಕ್ಕೂ ಉತ್ತರವುಂಟು, ಅದನ್ನು ಮುಂದೆ ತಕ್ಕ ಸ್ಥಳದಲ್ಲಿ ಹೇಳುತ್ತೇನೆ. ಆದರೆ ಅವಕ್ಕೂ ಮೊದಲು ಕೇಳಿಕೊಳ್ಳಬೇಕಾದ, ಬಹುಮಂದಿ ಕೇಳಿಕೊಳ್ಳದೆಯೇ ಮುಂದೆ ಸಾಗಿಬಿಡುವ, ಇನ್ನೊಂದು ಪ್ರಶ್ನೆಯಿದೆ: ನಾನು ಬರೆದ ಸಾಲು ಬಾಯಲ್ಲಿ ನಡೆಯುತ್ತದೆಯೇ, ನಡೆದರೆ ಎಂತಹ ಹೆಜ್ಜೆಯಿಟ್ಟು ನಡೆಯುತ್ತದೆ, ಎಡವಿದರೆ ಯಾವ ಅಕ್ಷರದಲ್ಲಿ ಎಡವುತ್ತದೆ? ಇದಕ್ಕೆ ತನ್ನ ಕಿವಿಯಿಂದಲೇ ಉತ್ತರ ಪಡೆಯಬಲ್ಲವನಿಗೆ ಉಳಿದ ಶಿಕ್ಷಣವೆಲ್ಲ ಕ್ರಮೇಣ ಒದಗಿಬರುತ್ತದೆ. ಪಡೆಯಲಾರದವನಿಗೆ, ಎಷ್ಟು ಪತ್ರಿಕೆಗಳಲ್ಲಿ ಹೆಸರು ಅಚ್ಚಾದರೂ, ತನ್ನ ಸಾಲಿನ ಗುಣದೋಷಗಳು ಪರರ ಮಾತಿನಿಂದಲ್ಲದೆ ತಿಳಿಯುವುದಿಲ್ಲ.

ಕವಿಯಾಗಲು ಬೇಕಾದುದೇನು ಎಂಬುದನ್ನು ಕುರಿತು ನಮ್ಮ ಆಲಂಕಾರಿಕರು ಆಳವಾಗಿ ವಿಚಾರಿಸಿದ್ದಾರೆ. ಮಮ್ಮಟನು ತನ್ನ ‘ಕಾವ್ಯಪ್ರಕಾಶ’ದಲ್ಲಿ ಶಕ್ತಿ, ಲೋಕ ಶಾಸ್ತ್ರ ಕಾವ್ಯಗಳ ಅವಲೋಕನದಿಂದ ಬರುವ ನಿಪುಣತೆ, ಕಾವ್ಯವನ್ನು ಬಲ್ಲವರ ಶಿಕ್ಷಣದಲ್ಲಿ ನಡೆಸುವ ಅಭ್ಯಾಸ ಎಂದು ಮೂರನ್ನು ಎಣಿಸಿ, ಈ ಮೂರೂ ಕೂಡಿಯೇ ಒಂದು ಕಾರಣವಾಗುತ್ತದೆಂದು ಹೇಳುತ್ತಾನೆ. ಶಕ್ತಿಯನ್ನು ಯಾರೂ ಯಾರಿಗೂ ದಾನ ಮಾಡಲಾರರು. ನಿಪುಣತೆ ಬದುಕು ಬೆಳೆದಂತೆ ಬೆಳೆಯತಕ್ಕದ್ದು. ಅಭ್ಯಾಸವೊಂದನ್ನು ಮಾತ್ರ ಇಂದಿನ ಸಂಜೆಯೇ ಆರಂಭಿಸಬಹುದು. ಹೀಗಿದ್ದೂ ನಮ್ಮ ಕಾಲದಲ್ಲಿ ಅತ್ಯಂತ ಅಲಕ್ಷ್ಯಕ್ಕೆ ಗುರಿಯಾಗಿರುವುದು ಅಭ್ಯಾಸವೇ. ಸಂಗೀತ ಕಲಿಯಬಂದವನು ಸರಳೆ ಜಂಟಿವರಸೆಗಳನ್ನು ದಾಟದೆ ಕೃತಿಗೆ ಕೈಯಿಡುವುದಿಲ್ಲ, ಇಡಲು ಗುರುಗಳು ಬಿಡುವುದೂ ಇಲ್ಲ. ಕವಿತೆಯಲ್ಲಾದರೋ ಸರಳೆಯ ಪಾಠವೇ ಇಲ್ಲವೆಂಬ ಭಾವನೆ ಹೇಗೋ ಹಬ್ಬಿಬಿಟ್ಟಿದೆ. ಆ ಪಾಠ ನಮ್ಮಲ್ಲಿ ಸಾವಿರ ವರ್ಷಗಳಿಂದ ಉಂಟು. ಹತ್ತನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’ ಅದಕ್ಕೆ ಮೀಸಲಾದ ಗ್ರಂಥ. ಅದನ್ನು ಕಿಟ್ಟೆಲ್ 1875ರಲ್ಲಿ ಮಂಗಳೂರಿನಲ್ಲಿ ಅಚ್ಚಿಗೆ ತಂದರು. ಹಳಗನ್ನಡ ಕಷ್ಟವೆನ್ನುವವರು ಡಿ. ಎಸ್. ಕರ್ಕಿಯವರ ‘ಕನ್ನಡ ಛಂದೋವಿಕಾಸ’ವನ್ನಾಗಲಿ ಟಿ. ವಿ. ವೆಂಕಟಾಚಲ ಶಾಸ್ತ್ರಿಗಳ ‘ಕನ್ನಡ ಛಂದಸ್ಸ’ನ್ನಾಗಲಿ ಗ್ರಂಥಾಲಯದಿಂದ ತಂದು ಮೇಜಿನ ಮೇಲಿಟ್ಟುಕೊಂಡರೆ ಸಾಕು.

ಮೂಲಪಾಠ ಅತಿ ಸಣ್ಣದು. ಹ್ರಸ್ವಾಕ್ಷರವೊಂದನ್ನು ನುಡಿಯಲು ತಗಲುವ ಕಾಲ ಒಂದು ಮಾತ್ರೆ, ಅದು ಲಘು. ದೀರ್ಘಾಕ್ಷರಕ್ಕೆ ಎರಡು ಮಾತ್ರೆ, ಅದು ಗುರು. ಹ್ರಸ್ವವೇ ಆಗಿದ್ದರೂ ಅದರ ಮುಂದೆ ಒತ್ತಕ್ಷರ ಬಂದಾಗ, ಅದಕ್ಕೆ ಅನುಸ್ವಾರವೋ ವಿಸರ್ಗವೋ ಸೇರಿದಾಗ, ಅಥವಾ ಅದು ವ್ಯಂಜನದಿಂದ ಮುಗಿದಾಗ, ಗುರುವೆನಿಸುತ್ತದೆ. ‘ಮನ’ ಎಂಬಲ್ಲಿ ಎರಡು ಮಾತ್ರೆ. ‘ಮಾನ’, ‘ಮಂದ’, ‘ಮಣ್ಣು’ ಇವುಗಳಲ್ಲಿ ಮೂರು ಮೂರು. ಶಾಲೆಯಲ್ಲಿ ಪ್ರಸ್ತಾರ ಹಾಕಿದ ನೆನಪು ಎಲ್ಲರಿಗೂ ಇದ್ದೇ ಇರುತ್ತದೆ. ಆದರೆ ಅಲ್ಲಿ ಅದು ಅಂಕಗಳಿಗಾಗಿ ಕಾಗದದ ಮೇಲೆ ನಡೆಯಿತೇ ಹೊರತು ಕಿವಿಯವರೆಗೆ ಹೋಗಲಿಲ್ಲ. ಆದುದರಿಂದ ಬರೆಯಲೆಳಸುವವನು ಗೆರೆಗಳನ್ನು ಬಿಟ್ಟು ಬೆರಳನ್ನು ಬಳಸಲಿ: ಸಾಲನ್ನು ಗಟ್ಟಿಯಾಗಿ ನುಡಿಯುತ್ತ ಲಘುವಿಗೊಂದು, ಗುರುವಿಗೆರಡು ಎಂದು ತೊಡೆಯ ಮೇಲೆ ತಟ್ಟಲಿ. ಮಾತ್ರೆಗಳು ಮೂರು, ನಾಲ್ಕು, ಐದರ ಗುಂಪುಗಳಾಗಿ ಒಡೆದುಕೊಳ್ಳುವುದು ಆಗ ತಾನಾಗಿ ಕೇಳಿಸತೊಡಗುತ್ತದೆ. ಆ ಗುಂಪುಗಳೇ ಗಣಗಳು.

ತಾಯಿಯೊಬ್ಬಳು ಹೊಲದ ಬದುವಿನ ಮೇಲೆ ನಿಂತು ಮಗುವನ್ನು ಕರೆಯುತ್ತಾಳೆ. ಇಷ್ಟೇ ವಸ್ತು. ಇದನ್ನು ‘ಹೊಲದ ಬದುವಲಿ ನಿಂತು ಕರೆದಳು’ ಎಂದು ಬರೆಯೋಣ. ಹೊಲದ ಎಂಬಲ್ಲಿ ಮೂರು, ಬದುವಲಿ ಎಂಬಲ್ಲಿ ನಾಲ್ಕು, ನಿಂತು ಎಂಬಲ್ಲಿ ಮೂರು, ಕರೆದಳು ಎಂಬಲ್ಲಿ ನಾಲ್ಕು: ಒಟ್ಟು 14 ಮಾತ್ರೆ. ಮೂರು ನಾಲ್ಕು, ಮೂರು ನಾಲ್ಕು ಎಂಬ ಈ ಏಳರ ನಡಿಗೆಯೇ ಭಾಮಿನಿ ಷಟ್ಪದಿಯ ನಡಿಗೆ. ಈಗ ‘ಬದುವಲಿ’ ಎಂಬುದನ್ನು ನಾವು ದಿನವೂ ಆಡುವಂತೆ ‘ಬದುವಿನಲ್ಲಿ’ ಎಂದು ಮಾಡಿ, ಕೊನೆಯಲ್ಲಿ ‘ಅವಳು’ ಎಂಬುದೊಂದನ್ನು ಸೇರಿಸಿದರೆ, ‘ಹೊಲದ ಬದುವಿನಲ್ಲಿ ನಿಂತು ಕರೆದಳವಳು’ ಎಂದಾಗಿ, ಇಡೀ ಸಾಲು ಮೂರು ಮಾತ್ರೆಯ ಆರು ಗಣಗಳಾಗಿ ಒಡೆಯುತ್ತದೆ. ನಡಿಗೆ ಚುರುಕಾಗಿ, ಕುಣಿತದ ಕಡೆಗೆ ಸರಿಯುತ್ತದೆ. ಅದನ್ನೇ ‘ಹೊಲದಲಿ ತಾಯಿಯು ನಿಂತಳು ಕರೆದಳು’ ಎಂದರೆ ನಾಲ್ಕು ನಾಲ್ಕರ ಸಮನಡಿಗೆ. ತೊಟ್ಟಿಲು ತೂಗುವವರಿಗೂ ಮಕ್ಕಳ ಪದ್ಯ ಬರೆಯುವವರಿಗೂ ಇದು ಬಹಳ ಒದಗುತ್ತದೆ. ಇನ್ನು ‘ಹೊಲದಂಚಿನಲಿ ನಿಂತು ಕೂಗಿದಳು ಮಗುವನ್ನು’ ಎಂದು ನೋಡಿ: ಹೊಲದಂಚಿ, ನಲಿನಿಂತು, ಕೂಗಿದಳು, ಮಗುವನ್ನು ಎಂದು ಐದೈದರ ನಾಲ್ಕು ಗಣ, 20 ಮಾತ್ರೆ. ಧ್ವನಿ ಇಲ್ಲಿ ಅಗಲವಾಗುತ್ತದೆ. ಕರೆಯುವವಳ ಮತ್ತು ಕರೆಯಲ್ಪಟ್ಟವನ ನಡುವಿನ ಹೊಲದ ವಿಸ್ತಾರ ಸಾಲಿನೊಳಗೆ ಬಂದಂತಾಗುತ್ತದೆ. ವಸ್ತು ಒಂದೇ, ಶಬ್ದಗಳೂ ಹೆಚ್ಚುಕಡಿಮೆ ಅವೇ. ತಾಯಿ ಮಾತ್ರ ನಾಲ್ಕು ಸಾಲುಗಳಲ್ಲಿ ನಾಲ್ಕು ಬಗೆಯಾಗಿ ಕರೆದಿದ್ದಾಳೆ. ನಿಮ್ಮ ಕವಿತೆಯಲ್ಲಿ ಆಕೆ ಯಾವ ಬಗೆಯಲ್ಲಿ ಕರೆಯಬೇಕೆಂಬುದನ್ನು ತೀರ್ಮಾನಿಸುವುದು ನಿಮ್ಮ ಭಾವ. ಆದರೆ ನಾಲ್ಕು ಬಗೆಗಳಿವೆಯೆಂಬ ಅರಿವೇ ಇಲ್ಲದಿದ್ದರೆ ತೀರ್ಮಾನಿಸುವುದಾದರೂ ಏನನ್ನು?

ಲೆಕ್ಕ ಸರಿಯಾದೊಡನೆ ಸಾಲು ಸರಿಯಾಯಿತೆಂದು ತಿಳಿಯಬಾರದು. ‘ಹೊಲದ ಸಮೀಪ ನಿಂತು ಕರೆದಳು’ ಎಂಬಲ್ಲಿಯೂ ಮೂರು, ನಾಲ್ಕು, ಮೂರು, ನಾಲ್ಕು ಎಂದು 14 ಮಾತ್ರೆಗಳೇ ಇವೆ. ಆದರೂ ಬಾಯಿ ‘ಸಮೀಪ’ದ ಬಳಿ ತಡೆಯುತ್ತದೆ. ಗಣದ ಆರಂಭದಲ್ಲಿ ಒಂದು ಲಘು ಬಂದು ಅದರ ಬೆನ್ನಿಗೇ ಗುರು ಬಂದರೆ ಕನ್ನಡದ ಮಾತ್ರಾಲಯ ಅದನ್ನು ಸಹಿಸುವುದಿಲ್ಲ. ಒತ್ತು ಬೀಳಬೇಕಾದ ಎಡೆಯಲ್ಲಿ ಬೀಳದೆ ಮುಂದಿನ ಅಕ್ಷರಕ್ಕೆ ಜಾರುತ್ತದೆ. ಹೊಸಬರ ಪದ್ಯಗಳಲ್ಲಿ ‘ಮನೋಹರ’, ‘ಸುವಾಸನೆ’, ‘ವಿಶಾಲ’, ‘ಅಪಾರ’ ಮೊದಲಾದ ಸಂಸ್ಕೃತ ಶಬ್ದಗಳು ಕುಳಿತ ಎಡೆಯಲ್ಲೆಲ್ಲ ಓದುವವನು ಮುಗ್ಗರಿಸುವುದಕ್ಕೆ ಮುಖ್ಯ ಕಾರಣ ಇದೇ. ಇಂತಹ ಶಬ್ದಗಳನ್ನು ಬಿಡಲೇಬೇಕೆಂದಲ್ಲ. ಅವುಗಳ ಮೊದಲ ಅಕ್ಷರ ಹಿಂದಿನ ಗಣದ ಕೊನೆಗೆ ಸೇರುವಂತೆ ಇರಿಸಿಕೊಂಡರೆ ತೊಡಕು ನೀಗುತ್ತದೆ.

ಇಷ್ಟನ್ನು ಕಲಿಯಲು ವಾರವೊಂದು ಬೇಕಾದೀತು. ಕಿವಿಗೆ ಊರಲು ವರ್ಷಗಳು ಬೇಕು, ಮತ್ತು ಅದಕ್ಕೆ ಹಿರಿಯರ ಕಾವ್ಯವನ್ನು ಗಟ್ಟಿಯಾಗಿ ಓದುವುದರ ಹೊರತು ಅನ್ಯ ಮಾರ್ಗವನ್ನು ನಾನು ಕಾಣೆ. ಎಲ್ಲರನ್ನೂ ಒಮ್ಮೆಗೇ ಓದಹೋಗಬೇಡಿ. ಕುಮಾರವ್ಯಾಸನಿಂದ ಆರಂಭಿಸಿ. ದಿನಕ್ಕೆ ಹತ್ತು ಪದ್ಯ, ಅರ್ಥ ಪೂರ್ಣವಾಗಿ ತಿಳಿಯದಿದ್ದರೂ ನಿಲ್ಲದೆ, ಧ್ವನಿಯೆತ್ತಿ ಓದಿ. ಭಾಮಿನಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 14 ಮಾತ್ರೆಗಳಿದ್ದು, ಮೂರು ಮತ್ತು ಆರನೆಯ ಸಾಲುಗಳು ಅದೇ ನಡಿಗೆಯಲ್ಲಿ ಇನ್ನೂ ಮುಂದುವರಿದು ಕೊನೆಗೊಂದು ಗುರುವನ್ನು ಪಡೆದು 23 ಮಾತ್ರೆಗಳಾಗುತ್ತವೆ. ಆ ಕೊನೆಯ ಗುರುವಿನಲ್ಲಿರುವ ಶಿಲ್ಪವನ್ನು ಗಮನಿಸಬೇಕು: ಎರಡು ಗಿಡ್ಡ ಸಾಲುಗಳಲ್ಲಿ ಓಡಿಬಂದ ಮಾತು ಮೂರನೆಯದರಲ್ಲಿ ನೀಳವಾಗಿ ಚಾಚಿ, ಗುರುವಿನ ಮೇಲೆ ಒಂದು ಕ್ಷಣ ನಿಂತು, ಉಸಿರೆಳೆದುಕೊಂಡು ಮತ್ತೆ ಹೊರಡುತ್ತದೆ. ಯುದ್ಧದ ರಭಸವನ್ನೂ ದ್ರೌಪದಿಯ ಶೋಕವನ್ನೂ ಜೂಜುಗಾರರ ಕಲಕಲವನ್ನೂ ಕುಮಾರವ್ಯಾಸನು ಈ ಒಂದೇ ಅಚ್ಚಿನಲ್ಲಿ ಎರೆದನು. ವಾಕ್ಯವನ್ನು ಸಾಲಿನ ಎಲ್ಲೆಗೆ ಕಟ್ಟಿಹಾಕದೆ ಒಂದರಿಂದ ಇನ್ನೊಂದಕ್ಕೆ ಹರಿಯಬಿಟ್ಟುದೇ ಅದರ ಗುಟ್ಟು. ಅನಂತರ ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನು ಕೈಗೆತ್ತಿಕೊಂಡರೆ, ಐದೈದರ ವಾರ್ಧಕ ಷಟ್ಪದಿಯ ಗಾಂಭೀರ್ಯ ಹಾಗೂ ನಾದಲೋಲತೆಗಳು ಭಾಮಿನಿಯ ಪಕ್ಕದಲ್ಲಿ ಸ್ಪಷ್ಟವಾಗಿ ಬೇರೆಯಾಗಿ ಕೇಳಿಸುತ್ತವೆ. ಹರಿಹರನ ರಗಳೆಗಳನ್ನೂ ಪಂಪನ ಕಂದಗಳನ್ನೂ ಅವುಗಳ ಬಳಿಕ ಓದಬಹುದು.

ಓದುವುದಕ್ಕಿಂತಲೂ ಕೇಳುವುದು ಒಂದು ತೂಕ ಮೇಲು. ಶಿವಮೊಗ್ಗದ ಬಳಿಯ ಹೊಸಹಳ್ಳಿಯಂತಹ ಊರುಗಳಲ್ಲಿ ಗಮಕವಾಚನ ಇಂದಿಗೂ ಜೀವಂತವಾಗಿದೆ. ಕರಾವಳಿ ಮಲೆನಾಡುಗಳಲ್ಲಿ ಯಕ್ಷಗಾನದ ಭಾಗವತರು ಭಾಮಿನಿ ವಾರ್ಧಕಗಳನ್ನು ರಾತ್ರಿಯಿಡೀ ಹಾಡುತ್ತಾರೆ. ಗಮಕಿಯು ಪದಗಳನ್ನು ಅರ್ಥಕ್ಕೆ ತಕ್ಕಂತೆ ಬಿಡಿಸಿ, ಲಯವನ್ನು ಕೆಡಿಸದೆ, ಭಾವಕ್ಕೆ ಹೊಂದುವ ರಾಗದಲ್ಲಿ ಓದುವುದನ್ನು ಒಮ್ಮೆ ಎದುರಿಗೆ ಕುಳಿತು ಕೇಳಿದವನಿಗೆ, ಪದದ ಎಲ್ಲೆ ಬೇರೆ, ಗಣದ ಎಲ್ಲೆ ಬೇರೆ, ಇವೆರಡೂ ಒಂದನ್ನೊಂದು ದಾಟುವುದರಲ್ಲಿಯೇ ಪದ್ಯದ ಸೊಗಸಿದೆ ಎಂಬುದು ಯಾವ ಗ್ರಂಥವೂ ತಿಳಿಸಲಾರದಷ್ಟು ಚೆನ್ನಾಗಿ ತಿಳಿಯುತ್ತದೆ.

ಮಾತ್ರೆಯ ಲೆಕ್ಕಕ್ಕೆ ಸಿಕ್ಕದ ಇನ್ನೊಂದು ಪರಂಪರೆ ನಮ್ಮಲ್ಲಿದೆ. ಅದು ಇನ್ನೂ ಹಳೆಯದು, ಅಚ್ಚಕನ್ನಡದ್ದು. ತ್ರಿಪದಿಯಲ್ಲಿ ನಾಲ್ಕು, ನಾಲ್ಕು, ಮೂರು ಎಂದು 11 ಅಂಶಗಣಗಳು. ಆರನೆಯದೂ ಹತ್ತನೆಯದೂ ಚಿಕ್ಕ ಗಣವಾದ ಬ್ರಹ್ಮಗಣ, ಉಳಿದವು ಅದಕ್ಕಿಂತ ದೊಡ್ಡದಾದ ವಿಷ್ಣುಗಣ. ಹಾಡುವಾಗ ಧ್ವನಿಯು ಅಕ್ಷರವನ್ನು ಎಳೆದೋ ಕುಗ್ಗಿಸಿಯೋ ಗಣವನ್ನು ತುಂಬಿಕೊಳ್ಳುವುದರಿಂದ ಕಾಗದದ ಮೇಲೆ ಕೊರತೆಯಾಗಿ ಕಾಣುವುದು ಬಾಯಲ್ಲಿ ಕೊರತೆಯಾಗುವುದಿಲ್ಲ. ಸರ್ವಜ್ಞನು ಬಳಸಿದ್ದು ಇದನ್ನೇ. ಬೀಸುವ ಕಲ್ಲಿನ ಮುಂದೆ ಕುಳಿತ ನಮ್ಮ ಹೆಣ್ಣುಮಕ್ಕಳು, ಅಕ್ಷರದ ಗುರುತಿಲ್ಲದವರು, ತವರಿನ ನೆನಪನ್ನೂ ಮಗುವಿನ ಅಳುವನ್ನೂ ಕಟ್ಟಿಕೊಟ್ಟದ್ದೂ ಇದರಲ್ಲೇ. ಹಲಸಂಗಿಯ ಗೆಳೆಯರು ಮನೆಮನೆಗೆ ಹೋಗಿ ಕೂಡಿಸಿದ ‘ಗರತಿಯ ಹಾಡು’ ಪ್ರತಿಯೊಬ್ಬ ಹೊಸ ಕವಿಯ ಮನೆಯಲ್ಲಿರಬೇಕಾದ ಪುಸ್ತಕ. ಮನೆಯಲ್ಲಿ ಅಜ್ಜಿಯೋ ದೊಡ್ಡಮ್ಮನೋ ಇಂತಹ ಪದಗಳನ್ನು ಬಲ್ಲವರಿದ್ದರೆ, ಅವರನ್ನು ಹಾಡಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ತಡಮಾಡಬೇಡಿ. ಬರೆದುಕೊಂಡರೆ ಪದ ಸಿಕ್ಕೀತು, ಎಳೆತ ಸಿಕ್ಕದು.

ಆಡುನುಡಿಗೂ ತನ್ನದೇ ಆದ ಮಾತ್ರಾಬಲವಿದೆಯೆಂಬುದಕ್ಕೆ ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಮತ್ತು ಬೇಂದ್ರೆಯವರ ಧಾರವಾಡದ ಮಾತು ಸಾಕ್ಷಿ. ಬೇಂದ್ರೆಯವರ ಮನೆಮಾತು ಮರಾಠಿ. ಆದರೂ ಧಾರವಾಡದ ಬೀದಿಯಲ್ಲಿ, ಸಂತೆಯಲ್ಲಿ, ಹಿತ್ತಲಿನಲ್ಲಿ ಕೇಳಿದ ಕನ್ನಡವನ್ನು ಅವರಷ್ಟು ಸೂಕ್ಷ್ಮವಾಗಿ ಕಿವಿಗೆ ಹಾಕಿಕೊಂಡವರು ವಿರಳ. ಪುಸ್ತಕದ ಕನ್ನಡದಲ್ಲಿ ಬರೆದರೆ ಮಾತ್ರ ಕವಿತೆಯೆಂಬ ಹಿಂಜರಿಕೆಯಿಂದ ತಮ್ಮೂರಿನ ಮಾತನ್ನು ಬಚ್ಚಿಡುವ ತರುಣರನ್ನು ಕಂಡಾಗ ನನಗೆ ನಿಜವಾಗಿ ವ್ಯಥೆಯಾಗುತ್ತದೆ. ಬಳ್ಳಾರಿಯವರಾಗಲಿ ಕುಂದಾಪುರದವರಾಗಲಿ ಚಾಮರಾಜನಗರದವರಾಗಲಿ, ತಮ್ಮ ಅವ್ವ ಬೈಯುವ ಮಾತನ್ನು ಒಮ್ಮೆ ಮಾತ್ರೆಯೆಣಿಸಿ ನೋಡಲಿ. ಅದರ ಲಯದ ಬಿಗುವು ಅವರನ್ನೇ ಬೆರಗುಗೊಳಿಸುತ್ತದೆ.

ಇಂದು ಯಾರು ಷಟ್ಪದಿ ಬರೆಯುತ್ತಾರೆ, ಮುಕ್ತಛಂದದ ಕಾಲದಲ್ಲಿ ಈ ಎಣಿಕೆಯೇಕೆ ಎಂಬ ಆಕ್ಷೇಪ ಸಹಜ. ನಾನು ಷಟ್ಪದಿ ಬರೆಯಿರಿ ಎನ್ನುತ್ತಿಲ್ಲ. ಅಭ್ಯಾಸಕ್ಕಾಗಿ ಬರೆದು ಪೆಟ್ಟಿಗೆಯಲ್ಲಿಡಿ ಎನ್ನುತ್ತಿದ್ದೇನೆ. ಆದಿಪ್ರಾಸವನ್ನು 1911ರಲ್ಲಿ ತೊರೆದ ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಬಳಸಲಾರದೆ ತೊರೆದವರಲ್ಲ, ಬಳಸಬಲ್ಲವರಾಗಿ ತೊರೆದವರು. 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಸಂಕಲನವನ್ನು ಹೊರತಂದ ಬಿ. ಎಂ. ಶ್ರೀಕಂಠಯ್ಯನವರು ಹೊಸ ಭಾವಗೀತೆಯ ಸಾಲುಗಳನ್ನು ಕಟ್ಟಿದ್ದು ಷಟ್ಪದಿ ರಗಳೆಗಳಲ್ಲಿದ್ದ ಅದೇ ಮೂರು, ನಾಲ್ಕು, ಐದು ಮಾತ್ರೆಯ ಗಣಗಳಿಂದ. ಅವರು ಬದಲಿಸಿದ್ದು ಜೋಡಣೆಯನ್ನು. ಗೋಪಾಲಕೃಷ್ಣ ಅಡಿಗರು 1954ರ ‘ಚಂಡೆಮದ್ದಳೆ’ಗೆ ಬರುವ ಮುನ್ನ ‘ಭಾವತರಂಗ’, ‘ಕಟ್ಟುವೆವು ನಾವು’ ಎಂಬ ಸಂಕಲನಗಳಲ್ಲಿ ನಿಯತಲಯವನ್ನು ಪೂರ್ಣವಾಗಿ ಅರಗಿಸಿಕೊಂಡಿದ್ದರು. ಆದುದರಿಂದಲೇ ಅವರು ಲಯವನ್ನು ಮುರಿದ ಎಡೆಯಲ್ಲಿ ಮುರಿದ ಸದ್ದು ಕೇಳಿಸುತ್ತದೆ. ಮುಕ್ತಛಂದದಲ್ಲಿ ಬರೆಯುವವರು ತಮ್ಮ ಕವಿತೆ ಮುಗಿದ ಬಳಿಕ ಪೆನ್ಸಿಲಿನಿಂದ ನಡಿಗೆ ಎಲ್ಲೆಲ್ಲಿ ಬದಲಾಗಿದೆಯೆಂದು ಗುರುತಿಸಲಿ. ಬದಲಾದ ಎಡೆಯಲ್ಲಿ ಭಾವವೂ ತಿರುಗಿದ್ದರೆ ಸರಿ. ಹಾಗಿಲ್ಲದೆ ಲಯ ಮಾತ್ರ ತಿರುಗಿದ್ದರೆ ಆ ಸಾಲನ್ನು ಮತ್ತೆ ಕೂಡಿಸಬೇಕು.

ತಿದ್ದುವ ಕೆಲಸ ಇಲ್ಲಿಂದಲೇ ಆರಂಭವಾಗುತ್ತದೆ. ಮೊದಲ ಕರಡನ್ನು ನೋಟುಬುಕ್ಕಿನ ಎಡಪುಟದಲ್ಲಿ ಬರೆದು ಬಲಪುಟವನ್ನು ಖಾಲಿ ಬಿಡಿ. ಹೊಡೆದುಹಾಕಿದ ಶಬ್ದವೂ ಕಣ್ಣಿಗೆ ಬೀಳುವಂತಿರಲಿ, ಏಕೆಂದರೆ ಎಷ್ಟೋ ವೇಳೆ ಮೂರನೆಯ ಸಲಕ್ಕೆ ಮೊದಲ ಶಬ್ದವೇ ಸರಿಯೆನಿಸುತ್ತದೆ. ಕೆಲವು ದಿನ ಅದನ್ನು ಮುಟ್ಟಬೇಡಿ. ಬಳಿಕ ಕವಿತೆಯನ್ನು ನೀವು ಓದದೆ ಗೆಳೆಯನೊಬ್ಬನ ಕೈಗಿತ್ತು, ಮೊದಲ ಬಾರಿಗೇ ಗಟ್ಟಿಯಾಗಿ ಓದೆಂದು ಹೇಳಿ, ಸುಮ್ಮನೆ ಕೇಳುತ್ತ ಕುಳಿತುಕೊಳ್ಳಿ. ಬರೆದವನಿಗೆ ತನ್ನ ಸಾಲಿನ ಎಳೆತ ಮೊದಲೇ ಗೊತ್ತಿರುವುದರಿಂದ ಅವನು ಕೊರತೆಯನ್ನು ಧ್ವನಿಯಿಂದ ಮುಚ್ಚಿಬಿಡುತ್ತಾನೆ. ಹೊಸಬನ ನಾಲಗೆಗೆ ಆ ದಾಕ್ಷಿಣ್ಯವಿಲ್ಲ. ಅವನು ತಡವರಿಸಿದ ಎಡೆಗೆಲ್ಲ ಒಂದು ಚುಕ್ಕೆಯಿಡಿ. ಚುಕ್ಕೆಗಳಲ್ಲಿ ಹೆಚ್ಚಿನವು, ಮೇಲೆ ಹೇಳಿದ ಲಘುಗುರು ತೊಡಕಿನವೋ, ಮಾತ್ರೆ ತುಂಬಲೆಂದು ತಂದಿಟ್ಟ ‘ತಾನು’, ‘ಅಂದು’, ‘ಸದಾ’ ಮುಂತಾದವೋ ಆಗಿರುತ್ತವೆ. ಅವಸರಪಡುವವರಿಗೆ ಒಂದು ನೆನಪು: ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಆರಂಭಿಸಿದ್ದು 1936ರಲ್ಲಿ, ಮುಗಿಸಿದ್ದು 1946ರಲ್ಲಿ.

ಇಷ್ಟಕ್ಕೆಲ್ಲ ಹೊತ್ತೆಲ್ಲಿಯದು ಎಂದು ಕೇಳುವವರುಂಟು. ಕನ್ನಡದಲ್ಲಿ ಕವಿತೆಯೇ ಅನ್ನವಿಕ್ಕಿದ ಕವಿ ದುರ್ಲಭ. ನಮ್ಮ ಕವಿಗಳಲ್ಲಿ ಹೆಚ್ಚಿನವರು ಬೇರೊಂದು ಕಸುಬಿನ ನೆರಳಿನಲ್ಲಿ ಬರೆದವರು. ಮಾಸ್ತಿಯವರು ಮೈಸೂರು ಸಂಸ್ಥಾನದ ಅಧಿಕಾರಿಗಳು, ‘ಮೈಸೂರ ಮಲ್ಲಿಗೆ’ಯ ನರಸಿಂಹಸ್ವಾಮಿಯವರು ಸರಕಾರಿ ಕಚೇರಿಯ ನೌಕರರು, ನಿಸಾರ್ ಅಹಮದ್ ಅವರು ಕಾಲೇಜಿನಲ್ಲಿ ಭೂವಿಜ್ಞಾನದ ಅಧ್ಯಾಪಕರು. ನಂದಳಿಕೆಯ ಮುದ್ದಣನಂತೂ ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕ. ಯಕ್ಷಗಾನ ಪ್ರಸಂಗಗಳನ್ನು ರಚಿಸಿ ಕಿವಿಯನ್ನು ಪಳಗಿಸಿಕೊಂಡು, ವಾರ್ಧಕ ಷಟ್ಪದಿಯಲ್ಲಿ ‘ಶ್ರೀರಾಮ ಪಟ್ಟಾಭಿಷೇಕ’ವನ್ನು ಬರೆದು, ತನ್ನ ಕೃತಿಗಳನ್ನು ಪ್ರಾಚೀನ ಕವಿಯವೆಂಬಂತೆ ಮೈಸೂರಿಗೆ ಕಳುಹಿಸಿ, ಕ್ಷಯರೋಗಕ್ಕೆ ತುತ್ತಾಗಿ 1901ರಲ್ಲಿ, ಮೂವತ್ತರ ಆಸುಪಾಸಿನಲ್ಲಿ ತೀರಿಕೊಂಡ ಆ ಬಡ ಮೇಷ್ಟ್ರಿಗೆ ದೊರೆತಷ್ಟು ಬಿಡುವು ಇಂದಿನ ನೌಕರರಿಗೆ ದೊರೆಯದೆ ಇರಲಾರದು. ಬೆಳಗಿನ ಅರ್ಧ ಗಂಟೆಯನ್ನು ಓದಿಗೆ ಮೀಸಲಿಡಿ. ಸಾಲುಗಳು ಬಸ್ಸಿನಲ್ಲಿ, ನಡೆಯುವಾಗ, ಪಾತ್ರೆ ತೊಳೆಯುವಾಗ ಹೊಳೆಯುತ್ತವೆ, ಅವಕ್ಕೆ ಬೇರೆ ಹೊತ್ತು ಬೇಡ.

ಇನ್ನು ಪ್ರಕಟಣೆ. ಕವಿತೆಯನ್ನು ಕಳುಹಿಸುವ ಮುನ್ನ ಆ ಪತ್ರಿಕೆಯ ನಾಲ್ಕಾರು ಸಂಚಿಕೆಗಳನ್ನು ಓದಿ, ಅಲ್ಲಿ ಎಂತಹವು ಬರುತ್ತವೆಂಬುದನ್ನು ತಿಳಿದುಕೊಳ್ಳಬೇಕು. ಸುಧಾ, ಮಯೂರ, ತುಷಾರಗಳೂ ದಿನಪತ್ರಿಕೆಗಳ ಭಾನುವಾರದ ಪುರವಣಿಗಳೂ ಒಂದೇ ಅಭಿರುಚಿಯವಲ್ಲ. ಒಂದೇ ಕವಿತೆಯನ್ನು ಏಕಕಾಲಕ್ಕೆ ಎರಡು ಕಡೆ ಕಳುಹಿಸುವುದು ಸಲ್ಲದು. ಒಮ್ಮೆಗೆ ಎರಡು ಮೂರು ಕವಿತೆಗಳು ಸಾಕು. ಪ್ರಶಂಸೆಯ ಪತ್ರಗಳನ್ನೂ ಬಿರುದುಗಳನ್ನೂ ಲಗತ್ತಿಸಬೇಡಿ. ಉತ್ತರ ಬಾರದಿದ್ದರೆ ಮೂರು ತಿಂಗಳು ಕಾದು ಬೇರೆಡೆಗೆ ಕಳುಹಿಸಬಹುದು. ಚೊಚ್ಚಲ ಸಂಕಲನಕ್ಕೆ ಅವಸರ ಬೇಡ. ಐವತ್ತು ಕವಿತೆಗಳಾದಾಗ ಇಪ್ಪತ್ತನ್ನು ತೆಗೆದುಹಾಕುವ ಧೈರ್ಯ ಬಂದ ಮೇಲೆ ಹಸ್ತಪ್ರತಿ ಸಿದ್ಧಪಡಿಸಿ. ಯುವ ಬರಹಗಾರರ ಮೊದಲ ಕೃತಿಗೆ ಪ್ರೋತ್ಸಾಹಧನ ನೀಡುವ ಯೋಜನೆ ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿದೆ. ಅದಕ್ಕೆ ಅರ್ಜಿ ಕರೆದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಹಣ ಕೊಟ್ಟರೆ ಹದಿನೈದು ದಿನಗಳಲ್ಲಿ ಪುಸ್ತಕ ಮಾಡಿಕೊಡುತ್ತೇವೆನ್ನುವವರ ಬಳಿ ಹೋಗುವುದಕ್ಕೆ ಮೊದಲು ಅವರು ಮಾರಾಟ ಮಾಡುತ್ತಾರೆಯೋ ಅಥವಾ ಕಟ್ಟುಗಳನ್ನು ನಿಮ್ಮ ಮನೆಗೇ ತಂದಿಳಿಸುತ್ತಾರೆಯೋ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಬೆರಳಚ್ಚು ಮಾಡುವಾಗ ಯೂನಿಕೋಡಿನಲ್ಲಿಯೇ ಮಾಡಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಸಿದ್ಧಪಡಿಸಿದ ಕಡತ ಒಂದರಿಂದ ಇನ್ನೊಂದಕ್ಕೆ ಪರಿವರ್ತನೆಯಾಗುವಾಗ ಒತ್ತುಗಳು ಕಳಚಿ ಬೀಳುವುದುಂಟು; ಗದ್ಯದಲ್ಲಿ ಅದು ಬರಿಯ ಕಾಗುಣಿತದ ದೋಷ, ಪದ್ಯದಲ್ಲಾದರೋ ಒಂದು ಒತ್ತು ಹೋದೊಡನೆ ಹಿಂದಿನ ಗುರು ಲಘುವಾಗಿ ಗಣವೇ ಕುಸಿಯುತ್ತದೆ. ಪುಟವಿನ್ಯಾಸದಲ್ಲಿ ಉದ್ದ ಸಾಲುಗಳು ಅಂಚಿಗೆ ತಗುಲಿ ತಾವಾಗಿ ಎರಡಾಗುವುದೂ ಸಾಮಾನ್ಯ. ಆದುದರಿಂದ ಮೂಲದೊಡನೆ ಪಿಡಿಎಫ್ ಪ್ರತಿಯೊಂದನ್ನು ಕಳುಹಿಸಿ, ಅಚ್ಚಿನ ಕರಡು ಬಂದಾಗ ಅದನ್ನು ಕಣ್ಣಿನಿಂದ ಒಮ್ಮೆ, ಬಾಯಿಂದ ಒಮ್ಮೆ ಓದಿ, ಮುರಿದ ಸಾಲುಗಳನ್ನೂ ಕಳಚಿದ ಒತ್ತುಗಳನ್ನೂ ಕೆಂಪು ಶಾಯಿಯಲ್ಲಿ ಗುರುತಿಸಿ ಹಿಂದಿರುಗಿಸಿ. ತಿದ್ದಿದ ಎರಡನೆಯ ಕರಡನ್ನು ನೋಡದೆ ಅಚ್ಚಿಗೆ ಒಪ್ಪಿಗೆ ಕೊಡಬೇಡಿ.